ಬೆನ್ನಿಗೊಂದು ಚೀಲ, ಪಕ್ಕದಲ್ಲಿ ಅತ್ತಿಗೆ

ನಲವತ್ತು ಲೀಟರಿನ ಬೆನ್ನಚೀಲವೊಂದನ್ನು ಮುಂದಿಟ್ಟುಕೊಂಡು, ಏನೇನನ್ನು ಮನೆಯಲ್ಲೇ ಬಿಟ್ಟು ಹೊರಡಬಹುದು ಎಂದು ಲೆಕ್ಕ ಹಾಕುತ್ತ ಕೂರುವ ಸಂಜೆ ನನಗೆ ಬಲು ಪ್ರಿಯ. ಬಟ್ಟೆಗಳನ್ನು ಮಡಚುವ ಬದಲು ಸುರುಳಿ ಸುತ್ತುತ್ತೇನೆ. ಜಾಗವೂ ಕಡಿಮೆ ಸಾಕು, ಸುಕ್ಕೂ ಕಡಿಮೆ. ಹಗುರಾದದ್ದು ತಳಕ್ಕೆ. ಭಾರವಾದದ್ದು ನಡುವೆ, ಬೆನ್ನಿಗೆ ಒತ್ತಿಕೊಂಡಿರುವಂತೆ. ಮಳೆಯಂಗಿ ಎಲ್ಲಕ್ಕಿಂತ ಮೇಲೆ. ಹೊರುವಾಗ ಮೊದಲು ಸೊಂಟದ ಪಟ್ಟಿ ಬಿಗಿಯಬೇಕು, ಆಮೇಲೆ ಹೆಗಲಿನದು. ಆಗ ತೂಕದ ಬಹುಪಾಲು ಸೊಂಟಕ್ಕೆ ಇಳಿದು ಹೆಗಲು ನೋಯುವುದಿಲ್ಲ. ಚೀಲ ಬೆನ್ನಿಗೆ ಸರಿಯಾಗಿ ಕೂತು, ಎರಡೂ ಕೈ ಖಾಲಿಯಾಗಿ, ಗೊತ್ತಿಲ್ಲದ ಊರೊಂದರ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಕಾಲಿಡುವಾಗಿನ ಸುಖಕ್ಕೆ ನಾನು ಎಷ್ಟು ಸಲ ಬೇಕಾದರೂ ಮನೆ ಬಿಟ್ಟು ಹೊರಟೇನು.

ಒಬ್ಬಳೇ ಹೋಗುವುದರಲ್ಲೂ ಸುಖವಿದೆ. ಆದರೆ ಚೀಲ ಹೊತ್ತು ತಿರುಗುವ ಈ ಹವ್ಯಾಸ ಪೂರ್ತಿ ರುಚಿಸುವುದು ಜೊತೆಗೊಬ್ಬರಿದ್ದಾಗ ಎಂದು ನಾನು ನಂಬಿದ್ದೇನೆ. ನಾಲ್ಕಾರು ಜನರಾದರೆ ಜಗಳವೂ ನಗುವೂ ಅವರವರಲ್ಲಿ ಹಂಚಿಹೋಗುತ್ತವೆ. ಇಬ್ಬರೇ ಇದ್ದಾಗ ಮುನಿಸು, ಹಸಿವು, ದಾರಿ ತಪ್ಪುವುದು, ಮಳೆಯಲ್ಲಿ ನೆನೆಯುವುದು ಎಲ್ಲವೂ ಎದುರಾಬದುರು. ನನ್ನ ಜೊತೆಗಾತಿ ನನ್ನ ಅತ್ತಿಗೆ.

ಅತ್ತಿಗೆಯದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಣ್ಣ ತೋಟ ಬಿಟ್ಟು ಕದಲುವವನಲ್ಲ. ಕೊನೆಕೊಯ್ಲು ಮುಗಿದು, ಅಡಿಕೆ ಸುಲಿದು, ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಮಂಡಿಗೆ ಕಳಿಸಿದ ಮೇಲೆ ಅತ್ತಿಗೆಗೆ ತುಸು ಬಿಡುವು. ‘ಟೂರಿನವರ ಬಸ್ಸು ಬೇಡ ಮಾರಾಯ್ತಿ. ಹತ್ತಿ ಅಂದ್ರೆ ಹತ್ಬೇಕು, ಇಳೀರಿ ಅಂದ್ರೆ ಇಳೀಬೇಕು. ನೀ ಹೋಗ್ತೀಯಲ್ಲ, ಹಂಗೆ ಕರ್ಕೊಂಡು ಹೋಗು’ ಎಂದರು. ಉಪ್ಪು ಹಾಕುವ ಕಡೆಯೆಲ್ಲ ಮೀನಿನ ರಸ ಹಾಕುವ ವಿಯೆಟ್ನಾಮಿಗೆ ಸಸ್ಯಾಹಾರಿಗಳಿಬ್ಬರು ಹೊರಟದ್ದು ಹೀಗೆ.

ಅಗ್ಗದ ವಿಮಾನಗಳಲ್ಲಿ ಕೈಯಲ್ಲಿ ಒಯ್ಯುವ ಚೀಲಕ್ಕೆ ಏಳು ಕಿಲೋ ಮಿತಿ. ಅತ್ತಿಗೆ ಮೊದಲ ಸಲ ತುಂಬಿದ ಚೀಲವನ್ನು ಅಡಿಕೆ ತೂಗುವ ಕೊಕ್ಕೆಗೆ ನೇತುಹಾಕಿದೆವು. ಅಣ್ಣ ಮುಳ್ಳು ನೋಡಿ, ಇದರಲ್ಲಿ ಅರ್ಧ ನಮ್ಮ ಅಡುಗೆಮನೆಯೇ ಇದೆ ಎಂದ. ಒಂದೊಂದಾಗಿ ಹೊರಗೆ ಬಂದವು: ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ, ಮಾವಿನಮಿಡಿಯ ಭರಣಿ, ಅಮೃತಾಂಜನ, ಮತ್ತು ಎಲ್ಲಕ್ಕಿಂತ ಕೆಳಗೆ ಒಂದು ಅಡಕತ್ತರಿ. ಭರಣಿಯನ್ನೂ ಅಡಕತ್ತರಿಯನ್ನೂ ವಿಮಾನ ನಿಲ್ದಾಣದ ತಪಾಸಣೆಯವರು ಬಿಡುವುದಿಲ್ಲ ಎಂದು ತೆಗೆಸಿದೆ. ಕೋಡುಬಳೆ, ಅಮೃತಾಂಜನ ಮತ್ತೆ ಒಳಗೆ ಹೋದವು, ಚಟ್ನಿಪುಡಿಯೂ ಉಳಿಯಿತು. ಆ ಡಬ್ಬಿಯ ವಿಷಯದಲ್ಲಿ ಅತ್ತಿಗೆ ಒಂದು ಮಾತನ್ನೂ ಕೇಳಲು ತಯಾರಿರಲಿಲ್ಲ. ಮುಂದೆ ಹಸಿದ ಊರೂರಲ್ಲಿ ಆ ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ನಾನು ಅವರ ಹಟಕ್ಕೆ ಕೈಮುಗಿದಿದ್ದೇನೆ.

ಹನೋಯಿಯ ಹಳೆಯ ಪೇಟೆಯಲ್ಲಿ ರಸ್ತೆ ದಾಟುವುದೇ ಒಂದು ವಿದ್ಯೆ. ಅಲ್ಲಿ ಸ್ಕೂಟರುಗಳು ನಿಲ್ಲುವುದಿಲ್ಲ. ನಡೆಯುವವರನ್ನು ಬಳಸಿಕೊಂಡು ಎರಡೂ ಬದಿಗೆ ಹರಿದುಹೋಗುತ್ತವೆ. ಓಡಬಾರದು, ನಿಲ್ಲಬಾರದು, ಹಿಂದಕ್ಕಂತೂ ಹೆಜ್ಜೆ ಇಡಲೇಬಾರದು. ಒಂದೇ ವೇಗದಲ್ಲಿ ನಡೆಯುತ್ತ ಇದ್ದರೆ ಬರುವವರಿಗೆ ನಮ್ಮ ಅಂದಾಜು ಸಿಗುತ್ತದೆ. ಇದನ್ನೆಲ್ಲ ನಾನು ವಿವರಿಸುತ್ತ ನಿಂತಿದ್ದಾಗ ಅತ್ತಿಗೆ ಆಗಲೇ ಆಚೆ ದಡ ಸೇರಿ, ಅಲ್ಲಿಂದ ಕೂಗಿದರು: ‘ನಮ್ಮನೆ ಗೌರಿ ಬಸ್‌ಸ್ಟ್ಯಾಂಡ್ ಹತ್ರ ದಾಟ್ತದಲ್ಲ, ಹಂಗೆ ದಾಟು. ಯಾವತ್ತಾದ್ರೂ ಅವಸರ ಮಾಡಿದ್ದು ನೋಡೀಯಾ?’ ಗೌರಿ ಅವರ ಕೊಟ್ಟಿಗೆಯ ದನ. ಆವತ್ತಿನಿಂದ ಆ ದೇಶದ ಎಲ್ಲ ರಸ್ತೆಗಳನ್ನೂ ನಾವು ಗೌರಿಯ ನಡಿಗೆಯಲ್ಲೇ ದಾಟಿದೆವು.

ದುಡ್ಡಿನದು ಇನ್ನೊಂದು ಸಂಭ್ರಮ. ಒಂದು ರೂಪಾಯಿಗೆ ಹೆಚ್ಚುಕಡಿಮೆ 300 ಡಾಂಗ್. ಎಟಿಎಂನಿಂದ ಹೊರಬರುವಾಗ ಇಬ್ಬರೂ ಲಕ್ಷಾಧಿಪತಿಗಳು. ಪ್ಲಾಸ್ಟಿಕ್ಕಿನ ನೋಟುಗಳ ಮೇಲೆಲ್ಲ ಹೋ ಚಿ ಮಿನ್ ಅವರ ಮುಖ; 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಸಂಜೆಯ ಮಬ್ಬಿನಲ್ಲಿ ಅತ್ತಿಗೆ ಬಾಳೆಹಣ್ಣು ಕೊಂಡು ಒಂದು ನೀಲಿ ನೋಟು ಕೊಟ್ಟು ಹೊರಟರು. ಹಿಂದಿನಿಂದ ಯಾರೋ ಕೂಗುತ್ತ ಓಡಿ ಬರುವ ಸದ್ದು. ತಿರುಗಿ ನೋಡಿದರೆ ಹಣ್ಣಿನ ಹೆಂಗಸು, ಹೆಗಲ ಮೇಲಿನ ಅಡ್ಡೆಯನ್ನು ರಸ್ತೆ ಬದಿಗೆ ಬಿಟ್ಟು, ದೊಡ್ಡ ನೋಟನ್ನು ಹಿಡಿದುಕೊಂಡು ಬಂದಿದ್ದಾಳೆ. ನೋಟನ್ನು ಅತ್ತಿಗೆಯ ಕಣ್ಣ ಹತ್ತಿರ ಹಿಡಿದು ಸೊನ್ನೆಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿ ತೋರಿಸಿದಳು. ಅತ್ತಿಗೆ ಶಾಲೆಯ ಹುಡುಗಿಯ ಶ್ರದ್ಧೆಯಿಂದ ಅವಳ ಜೊತೆಗೇ ಎಣಿಸಿದರು. ಆಮೇಲೆ ಅವಳ ಕೈಗೆ ಒಂದು ಹಿಡಿ ಕೋಡುಬಳೆ ಹೋಯಿತು.

ಹನೋಯಿಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಮಂಜಿನಂಥ ಜಿನುಗು ಮಳೆ ಹಿಡಿದುಕೊಳ್ಳುತ್ತದೆ. ಗೋಡೆ ಬೆವರುತ್ತದೆ, ಒಗೆದ ಬಟ್ಟೆ ಒಣಗುವುದಿಲ್ಲ. ಹಾಸ್ಟೆಲ್ಲಿನ ಕೋಣೆಯಲ್ಲಿ ಬೇರೆ ಬೇರೆ ದೇಶದ ಹುಡುಗಿಯರು ಒದ್ದೆ ಕಾಲುಚೀಲ ಹಿಡಿದು ನಿರಾಶೆಯಿಂದ ಕೂತಿದ್ದರು. ಮಲೆನಾಡಿನ ಆಷಾಢ ಕಂಡ ಅತ್ತಿಗೆಗೆ ಇದು ಸವಾಲೇ ಆಗಿರಲಿಲ್ಲ. ಬಂಕುಗಳ ನಡುವೆ ದಾರ ಕಟ್ಟಿ, ಬಟ್ಟೆಗಳನ್ನು ಒಣ ಟವೆಲ್ಲಿನೊಳಗೆ ಸುತ್ತಿ ಕಾಲಲ್ಲಿ ತುಳಿದು ನೀರು ಹಿಂಡಿ, ದಾರಕ್ಕೆ ಹಾಕಿ, ಕೂದಲು ಒಣಗಿಸುವ ಯಂತ್ರವನ್ನು ಕೆಳಗಿನಿಂದ ಹಿಡಿದರು. ಮರುದಿನ ಬೆಳಗ್ಗೆ ಆ ದಾರದಲ್ಲಿ ನಮ್ಮ ಚೂಡಿದಾರಗಳ ಪಕ್ಕ ನಾಲ್ಕಾರು ದೇಶಗಳ ಕಾಲುಚೀಲಗಳು ಗರಿಗರಿಯಾಗಿ ನೇತಾಡುತ್ತಿದ್ದವು. ಅತ್ತಿಗೆಯ ಇಂಗ್ಲಿಷ್ ಕಮ್ಮಿ. ಆ ಕೋಣೆಯಲ್ಲಿ ಎಲ್ಲರೂ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದದ್ದು ಮಾತ್ರ ಅವರ ಹತ್ತಿರವೇ.

ಕಾಫಿಯ ಬಗ್ಗೆ ಹೇಳದೆ ಹನೋಯಿ ಬಿಡಲಾಗದು. ಪ್ರಪಂಚದಲ್ಲಿ ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಮೇ, ಬಹುಪಾಲು ರೊಬಸ್ಟಾ. ಲೋಟದ ಮೇಲೆ ಕೂರುವ ಪುಟ್ಟ ಲೋಹದ ಫಿಲ್ಟರಿಗೆ ಅವರು ಫಿನ್ ಎನ್ನುತ್ತಾರೆ. ಕಪ್ಪು ಡಿಕಾಕ್ಷನ್ ಹನಿಹನಿಯಾಗಿ ಕೆಳಗಿನ ಮಂದ ಸಿಹಿ ಹಾಲಿನ ಮೇಲೆ ಬೀಳುವುದನ್ನು ಕಾಯುತ್ತ, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಅತ್ತಿಗೆ ಕೂತ ಭಂಗಿ ನೋಡಬೇಕಿತ್ತು: ಪರೀಕ್ಷೆ ಮಾಡಲು ಬಂದ ಅಧಿಕಾರಿಯ ಗಾಂಭೀರ್ಯ. ಒಂದು ಗುಟುಕು ಕುಡಿದು, ‘ಚಿಕೋರಿ ಹಾಕಿಲ್ಲ. ಹುರಿದದ್ದು ಒಂದು ಕೈ ಜಾಸ್ತಿ. ಆದ್ರೆ ಕಾಫಿ ಹೌದು’ ಎಂದು ತೀರ್ಪು ಕೊಟ್ಟರು. 1946ರಲ್ಲಿ ಹಾಲಿಗೆ ತತ್ವಾರವಾದಾಗ ಅಲ್ಲಿನ ಹೋಟೆಲೊಂದರ ಬಾರಿನಲ್ಲಿದ್ದವನೊಬ್ಬ ಮೊಟ್ಟೆಯ ಹಳದಿಯನ್ನು ಸಕ್ಕರೆಯೊಂದಿಗೆ ನೊರೆ ಬರುವಷ್ಟು ಕಡೆದು ಕಾಫಿಯ ಮೇಲೆ ಹಾಕಿದ. ಇಂದು ಅದು ಊರಿನ ಹೆಮ್ಮೆ. ಮುಂದಿನ ಮೇಜಿನಲ್ಲಿ ಅದನ್ನು ಕುಡಿಯುತ್ತಿದ್ದವರನ್ನು ಅತ್ತಿಗೆ ಬಹಳ ಹೊತ್ತು ಕನಿಕರದಿಂದ ನೋಡಿ, ಆ ಹುಡುಗ ನಮ್ಮ ಕಡೆ ಹುಟ್ಟಿದ್ದರೆ ಬೆಲ್ಲದ ಕಾಫಿ ಮಾಡಿ ಸುಧಾರಿಸುತ್ತಿದ್ದ ಎಂದರು.

ಹನೋಯಿಯಿಂದ ಹುವೆಗೆ ರೈಲಿನಲ್ಲಿ 688 ಕಿಲೋಮೀಟರ್, ಒಂದಿಡೀ ರಾತ್ರಿ. ಉತ್ತರ ದಕ್ಷಿಣಗಳನ್ನು ಜೋಡಿಸುವ 1,726 ಕಿಲೋಮೀಟರಿನ ಈ ಮಾರ್ಗವನ್ನು ಫ್ರೆಂಚರು 1936ರಲ್ಲಿ ಪೂರ್ತಿಗೊಳಿಸಿದರು. ಯುದ್ಧದಲ್ಲಿ ತುಂಡುತುಂಡಾದದ್ದು 1976ರ ಕೊನೆಯಲ್ಲಿ ಮತ್ತೆ ಒಂದಾಯಿತು. ಇಂದಿಗೂ ಮೀಟರ್ ಗೇಜ್. ಬೋಗಿಯ ಆ ಅಗಲ, ಆ ತೂಗಾಟ ನಮ್ಮಿಬ್ಬರಿಗೂ ಮೈಸೂರು–ಅರಸೀಕೆರೆಯ ಹಳೆಯ ರೈಲನ್ನು ನೆನಪಿಸಿತು. ಆರು ಬರ್ತಿನ ಕೋಣೆಯಲ್ಲಿ ನಮಗೆ ಸಿಕ್ಕಿದ್ದು ಎಲ್ಲಕ್ಕಿಂತ ಮೇಲಿನದು. ಅಲ್ಲಿ ಕೂರಲು ಜಾಗವಿಲ್ಲ, ನೇರ ಮಲಗಬೇಕು. ಕೆಳಗಿನ ಬರ್ತಿನ ಅಜ್ಜ ಅತ್ತಿಗೆಯನ್ನೊಮ್ಮೆ, ಮೇಲಿನ ಬರ್ತನ್ನೊಮ್ಮೆ ನೋಡಿ ತನ್ನ ಜಾಗ ಬಿಟ್ಟುಕೊಡಲು ಎದ್ದ. ಅತ್ತಿಗೆ ಬೇಡವೆಂದು ಕೈಯಾಡಿಸಿ, ಅಟ್ಟ ಹತ್ತಿ ರೂಢಿಯಿದ್ದ ಕಾಲಲ್ಲಿ ಸರಸರ ಏರಿ ಮಲಗಿದರು. ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು.

ಹುವೆ ಅರಸರ ಊರು. ನುಯೆನ್ ವಂಶದ ದೊರೆಗಳು ಹತ್ತೊಂಬತ್ತನೆಯ ಶತಮಾನದಿಂದ 1945ರವರೆಗೆ ಆಳಿದ್ದು ಇಲ್ಲಿಂದಲೇ. ಬೌದ್ಧ ವಿಹಾರಗಳು ಹೆಚ್ಚಾದ್ದರಿಂದ ಸಸ್ಯಾಹಾರಕ್ಕೂ ಇದೇ ಹೆಸರಾದ ಊರು. ಚಾಂದ್ರಮಾನದ ಮೊದಲನೆಯ ಮತ್ತು ಹದಿನೈದನೆಯ ದಿನ ಬಹಳ ಜನ ಮಾಂಸ ಮುಟ್ಟುವುದಿಲ್ಲ. ‘ಚೈ’ ಎಂಬ ಬೋರ್ಡು ಕಂಡಲ್ಲೆಲ್ಲ ನಾವು ಒಳಗೆ ನುಗ್ಗುತ್ತಿದ್ದೆವು. ಬಾಳೆ ಹೂವಿನ ಕೋಸಂಬರಿ, ಎಳೆ ಹಲಸಿನ ಪಲ್ಯ, ತೋಫು, ಅನ್ನ. ಎಳೆ ಹಲಸನ್ನು ತಿನ್ನುತ್ತ ಅತ್ತಿಗೆ, ‘ಇವರಿಗೆ ಎಲ್ಲ ಗೊತ್ತುಂಟು, ಒಗ್ಗರಣೆ ಒಂದು ಬಿಟ್ಟು’ ಎಂದು ಚಟ್ನಿಪುಡಿಯ ಡಬ್ಬಿ ತೆಗೆದರು. ಅಂಗಡಿಯಾಕೆಗೂ ಒಂದು ಚಮಚ ಹೋಯಿತು. ಆಕೆ ತಿಂದು, ಕಣ್ಣರಳಿಸಿ, ಒಳಗಿನಿಂದ ಗಂಡನನ್ನು ಕರೆದಳು.

ಮರುದಿನದ ನಮ್ಮ ಯೋಜನೆ ಸ್ಪಷ್ಟವಾಗಿತ್ತು. ಬೆಳಗ್ಗೆ ಅರ್ಧ ಗಂಟೆ ಡಾಂಗ್ ಬಾ ಮಾರುಕಟ್ಟೆ, ಆಮೇಲೆ ಊರಾಚೆ ಇರುವ ಅರಸರ ಸಮಾಧಿಗಳು. ತು ಡುಕ್ ಎಂಬ ದೊರೆ ಬದುಕಿದ್ದಾಗಲೇ ತನಗಾಗಿ ಕಟ್ಟಿಸಿಕೊಂಡ ಸಮಾಧಿಯ ತೋಟದಲ್ಲಿ ಕೆರೆಯ ಪಕ್ಕ ಕೂತು ಕವಿತೆ ಬರೆಯುತ್ತಿದ್ದನಂತೆ. ಅದನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ.

ಮಾರುಕಟ್ಟೆಯ ಮೂಲೆಯಲ್ಲಿ ಒಬ್ಬಳು ಅಜ್ಜಿ ವೀಳ್ಯದೆಲೆಯ ಕಟ್ಟುಗಳನ್ನೂ ಹಸಿರು ಅಡಿಕೆಯ ಗೊನೆಗಳನ್ನೂ ಹರಡಿಕೊಂಡು ಕೂತಿದ್ದಳು. ಅಷ್ಟೇ. ನನ್ನ ಅರ್ಧ ಗಂಟೆ ಅಲ್ಲಿಗೆ ಮುಗಿಯಿತು. ಅತ್ತಿಗೆ ಬೆನ್ನಚೀಲ ಇಳಿಸಿ ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಗೊನೆ ಎತ್ತಿ, ಕಾಯಿ ತಿರುಗಿಸಿ, ತೊಟ್ಟು ನೋಡಿ, ಉಗುರು ಒತ್ತಿ ಎಳಸೋ ಬಲಿತದ್ದೋ ಎಂದು ಅಂದಾಜು ಮಾಡಿದರು. ಆ ಒಂದು ಉಗುರಿನ ಒತ್ತಿಗೇ ಅಜ್ಜಿಗೆ ಎದುರಿಗಿರುವವಳು ಯಾರೆಂದು ತಿಳಿಯಿತು. ಸೊಪ್ಪಿನ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು.

ಅಲ್ಲಿನವರು ಅಡಿಕೆಯನ್ನು ಬೇಯಿಸುವುದಿಲ್ಲ, ಚೊಗರು ಕಟ್ಟುವುದಿಲ್ಲ. ಹಸಿಯದನ್ನೇ ಸಿಪ್ಪೆಯ ಒಂದಂಶ ಉಳಿಸಿ ಹೋಳು ಮಾಡುತ್ತಾರೆ. ಅಜ್ಜಿ ಸಣ್ಣ ಚಾಕುವಿನಲ್ಲಿ ಕಾಯಿ ಸೀಳಿದಳು. ‘ನನ್ನ ಅಡಕತ್ತರಿ ಇದ್ದಿದ್ರೆ ತೋರಿಸ್ತಿದ್ದೆ’ ಎಂದು ಅತ್ತಿಗೆ ನನ್ನ ಕಡೆ ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಅಜ್ಜಿ ಎಲೆಗೆ ಸುಣ್ಣ ಸವರಿ, ಹಕ್ಕಿಯ ರೆಕ್ಕೆಯ ಆಕಾರಕ್ಕೆ ಮಡಚಿ, ಅಡಿಕೆಯ ಹೋಳಿನ ಜೊತೆ ಅತ್ತಿಗೆಗೆ ಕೊಟ್ಟಳು. ಅತ್ತಿಗೆ ತಮ್ಮ ಕ್ರಮದಲ್ಲಿ ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ಎಳೆದು, ಸುಣ್ಣ ಹಚ್ಚಿ ಅಜ್ಜಿಗೆ ಕೊಟ್ಟರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಜಗಿದರು. ಅಜ್ಜಿಯ ಹಲ್ಲು ಕಪ್ಪಾಗಿ ಹೊಳೆಯುತ್ತಿದ್ದವು; ಹಿಂದೆಲ್ಲ ಅಲ್ಲಿನ ಹೆಂಗಸರು ಹಲ್ಲಿಗೆ ಕಪ್ಪು ಅರಗು ಬಳಿಸಿಕೊಳ್ಳುತ್ತಿದ್ದರು, ಅದೇ ಚೆಲುವು. ಮದುವೆಯ ಮಾತುಕತೆ ಶುರುವಾಗುವುದು ಅಲ್ಲಿಯೂ ಎಲೆ ಅಡಿಕೆಯ ತಟ್ಟೆಯಿಂದಲೇ.

ಅವರಲ್ಲೊಂದು ಹಳೆಯ ಕತೆಯಿದೆ. ಅಲ್ಲಿ ಕೂತೇ ನಾನು ಅತ್ತಿಗೆಗೆ ಹೇಳಿದೆ. ಒಂದೇ ಮುಖದ ಅಣ್ಣ ತಮ್ಮ. ಅಣ್ಣನಿಗೆ ಮದುವೆಯಾಯಿತು. ಒಂದು ಸಂಜೆ ಹೆಂಡತಿ ಮೈದುನನನ್ನೇ ಗಂಡನೆಂದು ತಪ್ಪು ತಿಳಿದಳು. ನೊಂದ ತಮ್ಮ ಮನೆ ಬಿಟ್ಟು ಹೋಗಿ, ಹೊಳೆಯ ದಂಡೆಯಲ್ಲಿ ಸತ್ತು ಸುಣ್ಣದ ಕಲ್ಲಾದ. ಹುಡುಕುತ್ತ ಬಂದ ಅಣ್ಣ ಅವನ ಪಕ್ಕ ಅಡಿಕೆ ಮರವಾದ. ಅವನನ್ನು ಹುಡುಕುತ್ತ ಬಂದ ಹೆಂಡತಿ ಮರವನ್ನು ತಬ್ಬಿ ವೀಳ್ಯದ ಬಳ್ಳಿಯಾದಳು. ಅತ್ತಿಗೆ ಜಗಿಯುವುದನ್ನು ನಿಲ್ಲಿಸಿ ಕೇಳಿ, ‘ಆ ಮನೇಲಿ ನಾದಿನಿ ಇರ್ಲಿಲ್ವ? ಇದ್ದಿದ್ರೆ ಎಲ್ಲರನ್ನೂ ಕೂರಿಸಿ ಮಾತಾಡಿಸಿ ಸರಿ ಮಾಡ್ತಿದ್ಳು. ಮೂರು ಜೀವ ಉಳೀತಿತ್ತು’ ಎಂದರು. ನನಗೆ ಸಿಕ್ಕಿರುವ ಹೊಗಳಿಕೆಗಳಲ್ಲಿ ಇದು ದೊಡ್ಡದು.

ಮಧ್ಯಾಹ್ನವಾಯಿತು. ನಮ್ಮ ರೈಲಿನ ಹೊತ್ತಾಯಿತು. ಸಮಾಧಿ ಹೋಯಿತು. ‘ಗೋರಿ ಎಲ್ಲಿಗೂ ಓಡಿ ಹೋಗೂದಿಲ್ಲ, ಅಜ್ಜಿ ನಾಳೆ ಇರ್ತಾಳೋ ಇಲ್ವೋ’ ಎಂದು ಅತ್ತಿಗೆ ಹೇಳಿದ್ದೇ ನನ್ನ ಸಿಟ್ಟು ನೆತ್ತಿಗೇರಿತು. ಹೊಗಳಿಕೆಯೆಲ್ಲ ಮರೆತುಹೋಯಿತು. ಸ್ಟೇಷನ್ನಿನವರೆಗೂ ಒಬ್ಬರ ಹಿಂದೊಬ್ಬರು ಮಾತಿಲ್ಲದೆ ನಡೆದೆವು.

ಇಲ್ಲಿ ನನ್ನ ಒಂದು ಪದ್ಧತಿಯನ್ನು ಹೇಳಬೇಕು, ಇಬ್ಬರು ಚೀಲ ಹೊತ್ತು ಹೊರಡುವಾಗ ಇದಕ್ಕಿಂತ ಮುಖ್ಯವಾದದ್ದು ನನಗೆ ಬೇರೆ ಗೊತ್ತಿಲ್ಲ. ಬೇಕಾದ ವಸ್ತುಗಳನ್ನು ಒಬ್ಬೊಬ್ಬರಿಗೆ ಪೂರ್ತಿಯಾಗಿ ಕೊಡಬಾರದು. ಚಾರ್ಜರ್ ಒಬ್ಬರ ಚೀಲದಲ್ಲಿ, ಅದನ್ನು ಗೋಡೆಗೆ ಸಿಕ್ಕಿಸುವ ಅಡಾಪ್ಟರ್ ಇನ್ನೊಬ್ಬರ ಚೀಲದಲ್ಲಿ. ಸೋಪು ಇಲ್ಲಿ, ಟೂತ್‌ಪೇಸ್ಟ್ ಅಲ್ಲಿ. ನೀರು ಅವರಲ್ಲಿ, ಬಿಸ್ಕತ್ತು ನನ್ನಲ್ಲಿ. ಅವರ ಪಾಸ್‌ಪೋರ್ಟಿನ ಪ್ರತಿ ನನ್ನ ಬಳಿ, ನನ್ನದು ಅವರ ಬಳಿ. ತೂಕ ಕಡಿಮೆಯಾಗುತ್ತದೆ ಎನ್ನುವುದು ಇದರ ಸಣ್ಣ ಲಾಭ. ದೊಡ್ಡ ಲಾಭ ಏನೆಂದರೆ, ಎಷ್ಟೇ ಮುನಿಸಿಕೊಂಡರೂ ಮಾತಾಡದೆ ಇಬ್ಬರಿಗೂ ಹೊಟ್ಟೆ ತುಂಬುವುದಿಲ್ಲ.

ಹುವೆಯಿಂದ ಡಾ ನಾಂಗ್‌ಗೆ ಹೋಗುವ ರೈಲಿನಲ್ಲಿ ಎಡಬದಿಯ ಕಿಟಕಿ ಹಿಡಿಯಬೇಕು, ಸಮುದ್ರ ಆ ಕಡೆ. ಎದುರುಬದುರು ಕೂತು ಇಬ್ಬರೂ ಕಿಟಕಿಯನ್ನೇ ನೋಡುತ್ತಿದ್ದೆವು. ಅತ್ತಿಗೆಯ ಮಡಿಲಲ್ಲಿ ಮಾರುಕಟ್ಟೆಯಿಂದ ತಂದ ತಲೆಗಾತ್ರದ ಚಕ್ಕೋತ. ಇಲ್ಲಿಗೆ ಬಂದ ಮೇಲೆ ಕೊಂಡ ಚಾಕು ನನ್ನ ಚೀಲದ ಮೇಲಿನ ಜೇಬಿನಲ್ಲಿ. ಲಾಂಗ್ ಕೋ ಹಿನ್ನೀರು ಬಂತು, ಹೋಯಿತು. ಅತ್ತಿಗೆ ಚಕ್ಕೋತವನ್ನು ಉಗುರಲ್ಲಿ ಕೆರೆದರು. ಆ ದಪ್ಪ ಸಿಪ್ಪೆ ಜಗ್ಗಲಿಲ್ಲ, ಪರಿಮಳ ಮಾತ್ರ ಬೋಗಿ ತುಂಬಿತು. ನನ್ನ ಬಾಯಲ್ಲಿ ನೀರು. ಅಷ್ಟರಲ್ಲಿ ರೈಲು ಹಾಯ್ ವಾನ್ ಘಟ್ಟಕ್ಕೆ ಬಿದ್ದಿತು. ಇಲ್ಲಿ ಬೆಟ್ಟ ನೇರವಾಗಿ ಕಡಲಿಗೆ ಇಳಿಯುತ್ತದೆ. ರಸ್ತೆಯಲ್ಲಿ ಹೋಗುವವರಿಗೆ 2005ರಲ್ಲಿ ಆರು ಕಿಲೋಮೀಟರಿಗೂ ಉದ್ದದ ಸುರಂಗ ಬಂದಿದೆ. ರೈಲು ಮಾತ್ರ ಇಂದಿಗೂ ಬೆಟ್ಟದ ಅಂಚನ್ನೇ ಹಿಡಿದು, ಸಣ್ಣ ಸಣ್ಣ ಸುರಂಗಗಳಲ್ಲಿ ನುಸುಳುತ್ತ, ನಿಧಾನವಾಗಿ ತಿರುಗುತ್ತದೆ. ಕೆಳಗೆ ಕಾಡು, ಅದರ ಕೆಳಗೆ ಬಿಳಿ ಮರಳಿನ ಸಣ್ಣ ಕೊಲ್ಲಿ, ಆಚೆಗೆಲ್ಲ ನೀಲಿ. ಒಂದು ಸುರಂಗದ ಕತ್ತಲಲ್ಲಿ ನಾನು ಚಾಕು ತೆಗೆದು ಮುಂದೆ ಚಾಚಿದೆ. ಬೆಳಕು ಬರುವಾಗ ಅತ್ತಿಗೆಯ ಕೈಯೂ ಚಾಚಿತ್ತು. ಪಕ್ಕದ ಸೀಟಿನ ಮಗು ಒಂದು ತೊಳೆ ಪಡೆದು, ಅವರಮ್ಮ ನಮಗೆ ಬೇಯಿಸಿದ ಜೋಳದ ತೆನೆ ಕೊಟ್ಟು, ಡಾ ನಾಂಗ್ ಮುಟ್ಟುವ ಹೊತ್ತಿಗೆ ಅತ್ತಿಗೆಯ ಮೊಬೈಲಿನಲ್ಲಿ ಆ ಕುಟುಂಬಕ್ಕೆ ಗೌರಿಯ ಫೋಟೊ ತೋರಿಸಿಯಾಗಿತ್ತು.

ಮಿ ಸೋನ್‌ಗೆ ಬೆಳಗಿನ ಜಾವವೇ ಹೋದೆವು. ಬೆಟ್ಟಗಳ ನಡುವಿನ ಕಣಿವೆಯಲ್ಲಿ ಚಾಮ್ ಅರಸರ ಶಿವಾಲಯಗಳು. ನಾಲ್ಕನೆಯ ಶತಮಾನದಲ್ಲಿ ಭದ್ರವರ್ಮನೆಂಬ ದೊರೆ ಇಲ್ಲಿ ಶಿವನನ್ನು ಸ್ಥಾಪಿಸಿ ತನ್ನ ಹೆಸರು ಸೇರಿಸಿ ಭದ್ರೇಶ್ವರ ಎಂದ. ನಮ್ಮ ಪಟ್ಟದಕಲ್ಲಿನಲ್ಲೂ ವಿಜಯಾದಿತ್ಯ ಕಟ್ಟಿಸಿದ್ದು ವಿಜಯೇಶ್ವರ, ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ; ಶಾಸನಗಳಲ್ಲಿ ಇಲ್ಲಿಯೂ ಸಂಸ್ಕೃತವಿದೆ. ಗಾರೆಯೇ ಕಾಣದಷ್ಟು ನಯವಾಗಿ ಕೂಡಿಸಿದ ಕೆಂಪು ಇಟ್ಟಿಗೆಯ ಗೋಪುರಗಳು. 1969ರಲ್ಲಿ ಅಮೆರಿಕದ ಬಾಂಬುಗಳು ಬಿದ್ದು ದೊಡ್ಡ ಗೋಪುರವೇ ಉರುಳಿತು. ಬಾಂಬು ಬಿದ್ದ ಕುಳಿಗಳು ಇಂದಿಗೂ ಹುಲ್ಲು ತುಂಬಿಕೊಂಡು ಹಾಗೆಯೇ ಇವೆ. ಎಂಬತ್ತರ ದಶಕದಲ್ಲಿ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆರ್ಜ್ ಕ್ವಿಯಾಟ್ಕೋವ್ಸ್ಕಿ ವರ್ಷಗಟ್ಟಲೆ ಇಲ್ಲಿ ದುಡಿದು ಉಳಿದದ್ದನ್ನು ನಿಲ್ಲಿಸಿದ. ಆಮೇಲೆ ನಮ್ಮ ಪುರಾತತ್ತ್ವ ಇಲಾಖೆಯವರು ಬಂದರು. 2020ರಲ್ಲಿ ಅವರ ಕೆಲಸದ ನಡುವೆ ಒಂಬತ್ತನೆಯ ಶತಮಾನದ ಏಕಶಿಲೆಯ ಲಿಂಗವೊಂದು ಮಣ್ಣಿನಿಂದ ಮೇಲೆ ಬಂತು.

ಅಲ್ಲಿ ನಾನೂ ಅವಸರ ಮಾಡಲಿಲ್ಲ, ಅತ್ತಿಗೆಯೂ ಮಾಡಲಿಲ್ಲ. ಬಯಲಲ್ಲಿ ನಿಂತ ಒಂದು ಲಿಂಗದ ಮುಂದೆ ಅತ್ತಿಗೆ ಚಪ್ಪಲಿ ಬಿಟ್ಟು, ನೀರಿನ ಬಾಟಲಿಯ ಮುಚ್ಚಳ ತೆಗೆದು, ಕಾವಲಿನವನ ಮುಖ ನೋಡಿದರು. ಅವನು ಬೇಡ ಎಂದು ತಲೆಯಾಡಿಸಿದ. ಅವರು ಬಾಟಲಿ ಮುಚ್ಚಿ ಕೈಮುಗಿದರು. ‘ಮಳೆ ಬಂದಾಗ ಇವನಿಗೆ ಅಭಿಷೇಕ ಆಗ್ತದೆ, ಬಿಡು’ ಎಂದು ನನಗೂ ತಮಗೂ ಸಮಾಧಾನ ಹೇಳಿದರು. ನನಗೆ ಗಂಟಲು ಕಟ್ಟಿತು.

ಮಿ ಸೋನ್ ನೋಡಿಕೊಂಡ ಮೇಲೆ, ಹೋಯಿ ಆನ್ ಎಂಬ ಊರಿನಿಂದ ದಕ್ಷಿಣಕ್ಕೆ ರಾತ್ರಿಯ ಸ್ಲೀಪರ್ ಬಸ್ಸು. ಹತ್ತುವಾಗಲೇ ಚಪ್ಪಲಿ ಕಳಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಮೂರು ಸಾಲು, ಎರಡು ಅಂತಸ್ತು. ಒಬ್ಬರ ಕಾಲು ಮುಂದಿನವರ ತಲೆಯ ಕೆಳಗಿನ ಗೂಡಿನೊಳಗೆ. ತಿರುವು ಶುರುವಾದದ್ದೇ ಅತ್ತಿಗೆಗೆ ತಲೆ ಸುತ್ತಿತು. ಅಮೃತಾಂಜನ ಅಷ್ಟರಲ್ಲಿ ಹಾಸ್ಟೆಲ್ಲಿನ ಹುಡುಗಿಯರ ಹಣೆಗೆ ಖರ್ಚಾಗಿತ್ತು. ಆಚೆ ಸಾಲಿನಿಂದ ಒಂದು ಕೈ ಬಂತು, ಆ ಕೈಯಲ್ಲಿ ಹಸಿರು ಎಣ್ಣೆಯ ಪುಟ್ಟ ಸೀಸೆ. ವಿಯೆಟ್ನಾಮಿನ ಪ್ರತಿ ಅಜ್ಜಿಯ ಚೀಲದಲ್ಲೂ ಇರುವ ಮದ್ದು ಅದು. ನೀಲಗಿರಿ ಎಣ್ಣೆ, ಪುದಿನಾ ಸತ್ತ್ವದ ವಾಸನೆ. ಆಕೆಯೇ ಬಗ್ಗಿ ಅತ್ತಿಗೆಯ ಹಣೆಗೂ ಹೊಕ್ಕುಳಿಗೂ ಉಜ್ಜಿ, ಹೊದಿಕೆ ಎಳೆದು, ನನ್ನನ್ನು ಏನೋ ಗದರಿದಳು. ಅತ್ತಿಗೆಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದಿರಬೇಕು. ಅತ್ತಿಗೆ ಕಣ್ಣು ಮುಚ್ಚಿಕೊಂಡೇ, ‘ಹೌದು, ಇನ್ನೂ ಹೇಳಿ’ ಎಂದು ಕನ್ನಡದಲ್ಲಿ ಅವಳಿಗೆ ಬೆಂಬಲ ಕೊಟ್ಟರು.

ಊರಿಗೆ ಮರಳಿದ ಮೇಲೆ ಈಗ ಮಾತು ಮುಂದಿನ ಪ್ರಯಾಣದ್ದು, ಲಾವೋಸಿನದು. ವಿಯೆಂಟಿಯಾನ್‌ನಿಂದ ಚೀನದ ಗಡಿಯವರೆಗೆ 2021ರಲ್ಲಿ ಹೊಸ ರೈಲು ಶುರುವಾಗಿದೆ. ನಡುವೆ ಲುವಾಂಗ್ ಪ್ರಬಾಂಗ್‌ನಲ್ಲಿ ಇಳಿದು ಮೆಕಾಂಗ್ ನದಿಯ ದೋಣಿ ಹಿಡಿಯಬಹುದು. ಅಲ್ಲಿಯೂ ಎಲೆ ಅಡಿಕೆ ಉಂಟಾ ಎಂದು ಅತ್ತಿಗೆ ಕ್ಯಾಲೆಂಡರ್ ನೋಡುತ್ತಲೇ ಕೇಳಿದರು. ಕೊಯ್ಲು ಮುಗಿದ ಮೇಲೆ ತಾನೂ ಬರುತ್ತೇನೆಂದು ಅಣ್ಣ ಮೊನ್ನೆ ಊಟದ ನಡುವೆ ಮೆಲ್ಲಗೆ ಹೇಳಿದ. ಅತ್ತಿಗೆ ಸಾರು ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಚಾರ್ಜರ್ ಒಬ್ಬರಲ್ಲಿ, ಅಡಾಪ್ಟರ್ ಒಬ್ಬರಲ್ಲಿ ಆದ ಮೇಲೆ ಮೂರನೆಯವರ ಕೈಗೆ ಏನು ಕೊಡುವುದು ಎಂದು ನಾವಿಬ್ಬರೂ ಇನ್ನೂ ತೀರ್ಮಾನಿಸಿಲ್ಲ.